ನಾಳೆ ಬೆಳಿಗ್ಗೆ ಕಾಲು ಹೇಳುತ್ತದೆ

ಪೊಲೀಸ್ ನೇಮಕಾತಿಯ ಸುದ್ದಿ ಹಬ್ಬಿದ ವಾರ ಚಳ್ಳಕೆರೆಯಲ್ಲಿ ಬೆಳಗು ಒಂದು ಗಂಟೆ ಮೊದಲೇ ಆಗುತ್ತದೆ. ಮಬ್ಬುಗತ್ತಲೆ ಹರಿಯುವ ಮುಂಚೆಯೇ ಮೈದಾನದಲ್ಲಿ, ಪಾವಗಡ ರಸ್ತೆಯ ಅಂಚಿನಲ್ಲಿ, ಊರಾಚೆ ಕಾವಲಿನ ಕಾಲುದಾರಿಯಲ್ಲಿ ಹುಡುಗರು ಓಡುತ್ತಿರುತ್ತಾರೆ. ಮೊಳಕಾಲ್ಮುರಿನಲ್ಲೂ ಇದೇ ನೋಟ. ಕೆಲವರ ಕಾಲಲ್ಲಿ ಹೊಸ ಶೂ, ಕೆಲವರದು ಬರಿಗಾಲು. ಕಾನ್‌ಸ್ಟೆಬಲ್ ಆಗಬೇಕೆಂದರೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಸೇನೆಯ ರ‍್ಯಾಲಿಗೆ ಹೋಗುವವರ ಕಣ್ಣಿರುವುದು ಅದಕ್ಕಿಂತ ಒಂದು ನಿಮಿಷ ಕಡಿಮೆಯ ಮೇಲೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಮಳೆ ನಂಬಿ ಶೇಂಗಾ ಬಿತ್ತುವ ಮನೆಗಳಿಗೆ ಒಂದು ಸರ್ಕಾರಿ ಸಂಬಳ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ಸಂಬಳಕ್ಕೂ ಹುಡುಗನಿಗೂ ನಡುವೆ ಇರುವುದು ನಾಲ್ಕು ಸುತ್ತು ಮೈದಾನ.

ತಿಂಗಳು ಕಳೆಯುವಷ್ಟರಲ್ಲಿ ಆ ಗುಂಪಿನಲ್ಲಿ ಕೆಲವರು ಓಡುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತಾರೆ. ಹಿಮ್ಮಡಿಯ ಮೇಲಿನ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿರುತ್ತಾರೆ.

"ಏನಾತಪ್ಪ ಕಾಲಿಗೆ?"

"ನರ ಹಿಡ್ಕಂಡೈತಣ್ಣ. ಎದ್ದ ಕೂಡ್ಲೆ ಕಾಲೂರಾಕಾಗಲ್ಲ. ನಾಕು ಹೆಜ್ಜೆ ಹಾಕಿದ್ರೆ ಸಡ್ಲ ಆಗ್ತೈತೆ."

"ಎಷ್ಟು ದಿನದಿಂದ?"

"ಯುಗಾದಿಯಿಂದ ಹಿಂಗೇ. ಬಿಟ್ರೆ ವಾಸಿ ಅನ್ಸುತ್ತೆ, ಓಡಿದ್ರೆ ಮತ್ತೆ ಬರ್ತೈತೆ."

ಈ ಕೊನೆಯ ಮಾತಿನಲ್ಲಿ ಕಾಯಿಲೆಯ ಪೂರ್ತಿ ಲಕ್ಷಣವಿದೆ. ಊರಿನವರು ನರ ಎನ್ನುವುದು ವೈದ್ಯರ ಬಾಯಲ್ಲಿ ಅಕಿಲಿಸ್ ಟೆಂಡನ್. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಕಟ್ಟುವ ಹುರಿ ಅದು; ಮನುಷ್ಯನ ದೇಹದ ಟೆಂಡನ್‌ಗಳಲ್ಲೆಲ್ಲ ದಪ್ಪ, ಎಲ್ಲಕ್ಕಿಂತ ಗಟ್ಟಿ. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ಬೀಳುವ ಎಳೆತ ಮೈಭಾರದ ಆರೆಂಟು ಪಟ್ಟು. ಅಷ್ಟು ಗಟ್ಟಿಯಾದ ಹುರಿಗೆ ರಕ್ತ ಸಂಚಾರ ಮಾತ್ರ ಕಡಿಮೆ, ಅದರಲ್ಲೂ ಹಿಮ್ಮಡಿಯಿಂದ ಎರಡು ಬೆರಳು ಮೇಲಿನ ಜಾಗದಲ್ಲಿ. ಹುಡುಗ ಹೆಬ್ಬೆರಳಿಟ್ಟು ಒತ್ತುವುದು ಸರಿಯಾಗಿ ಅಲ್ಲೇ.

ಎಲುಬು ಮುರಿದರೆ ಏನು ಮಾಡಬೇಕೆಂದು ಈ ಭಾಗದ ಜನಕ್ಕೆ ಗೊತ್ತು. ಆಂಧ್ರದ ಗಡಿ ದಾಟಿ ಹೋಗಿ ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದವರು ಊರೂರಲ್ಲೂ ಸಿಗುತ್ತಾರೆ. ಕಟ್ಟು ಹಾಕು, ಕಾಲು ಅಲ್ಲಾಡಿಸಬೇಡ, ಆರೆಂಟು ವಾರ ಕಾಯಿ, ಕೂಡುತ್ತದೆ. ಸ್ನಾಯು ಹಿಡಿದುಕೊಂಡರೂ ಅಷ್ಟೇ, ಎಣ್ಣೆ ಹಚ್ಚಿ ನೀವಿ ಬಿಸಿನೀರು ಹಾಕಿದರೆ ನಾಲ್ಕು ದಿನಕ್ಕೆ ಸರಿಹೋಗುತ್ತದೆ. ಟೆಂಡನ್ ಈ ಎರಡು ಲೆಕ್ಕಕ್ಕೂ ಸಿಗುವುದಿಲ್ಲ. ಎಣ್ಣೆಯ ಊರಾದ ಚಳ್ಳಕೆರೆಯಲ್ಲಿ ನೀವುವುದಕ್ಕೆ ಎಣ್ಣೆಗೇನೂ ಬರವಿಲ್ಲ. ನೀವಿದರೆ ಹಿತವೆನಿಸುವುದೂ ನಿಜ. ಆದರೆ ಆ ಹಿತ ಟೆಂಡನ್ನಿನ ಬಲವನ್ನು ಹೆಚ್ಚಿಸುವುದಿಲ್ಲ. ಸುಮ್ಮನೆ ಮಲಗಿದರೆ ನೋವು ಇಳಿಯುತ್ತದೆ, ಅದರ ಜೊತೆಗೇ ಟೆಂಡನ್ನಿನ ತಾಳಿಕೆಯೂ ಇಳಿಯುತ್ತದೆ. ತಿಂಗಳ ವಿಶ್ರಾಂತಿ ಮುಗಿಸಿ ಮೈದಾನಕ್ಕೆ ಬಂದವನ ಕಾಲು ನೋವಿಲ್ಲದ ಕಾಲು ಹೌದು, ಮೊದಲಿಗಿಂತ ದುರ್ಬಲವಾದ ಕಾಲೂ ಹೌದು. ಮೂರನೆಯ ದಿನ ನೋವು ಮರಳುವುದು ಅದಕ್ಕೇ.

ಹಾಗಾದರೆ ದಾರಿ ಯಾವುದು? ಅದು ಸಿಕ್ಕಿದ ಕಥೆ ಸ್ವಾರಸ್ಯವಾಗಿದೆ. ಹೋಕನ್ ಆಲ್ಫ್ರೆಡ್‌ಸನ್ ಸ್ವೀಡನ್ನಿನ ಉಮಿಯೊ ಊರಿನ ಎಲುಬು-ಕೀಲು ಶಸ್ತ್ರವೈದ್ಯರು, ಸ್ವತಃ ಓಟಗಾರರು. ಅವರಿಗೇ ಈ ನೋವು ಬಂತು. ಶಸ್ತ್ರಚಿಕಿತ್ಸೆ ಮಾಡಿ ಎಂದು ಹಿರಿಯ ವೈದ್ಯರನ್ನು ಕೇಳಿದರೆ ಅವರು ಒಪ್ಪಲಿಲ್ಲ. ಸರಿ, ಕೆಡಿಸಿಕೊಂಡೇ ಬರುತ್ತೇನೆ ಎಂದುಕೊಂಡ ಆಲ್ಫ್ರೆಡ್‌ಸನ್ ನೋವಾಗುವ ಹಾಗೆಯೇ ಹಿಮ್ಮಡಿಯ ಮೇಲೆ ಭಾರ ಹಾಕತೊಡಗಿದರು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮತ್ತೆ ಮತ್ತೆ. ಕೆಡಬೇಕಾಗಿದ್ದ ಕಾಲು ವಾಸಿಯಾಯಿತು! 1998ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಇದನ್ನು ಹದಿನೈದು ಮಂದಿ ಹವ್ಯಾಸಿ ಓಟಗಾರರ ಮೇಲೆ ಪ್ರಯೋಗಿಸಿ ಪ್ರಕಟಿಸಿದರು. ಮಂಡಿ ನೇರ ಇಟ್ಟು ಹದಿನೈದರಂತೆ ಮೂರು ಸಲ, ಮಂಡಿ ಮಡಿಚಿ ಹದಿನೈದರಂತೆ ಮೂರು ಸಲ. ಹೀಗೆ ಬೆಳಿಗ್ಗೆ ಸಂಜೆ ಎರಡು ಹೊತ್ತು, ಹನ್ನೆರಡು ವಾರ. ದಿನಕ್ಕೆ 180 ಬಾರಿ. ಹದಿನೈದು ಮಂದಿಯೂ ಓಟಕ್ಕೆ ಮರಳಿದರು.

ಆಮೇಲೆ ಬಂದ ಅಧ್ಯಯನಗಳು ಈ ಕಟ್ಟಳೆಯನ್ನು ಅಲ್ಲಲ್ಲಿ ಸಡಿಲಿಸಿವೆ. ನೋವು ಹಿಮ್ಮಡಿಯ ಎಲುಬಿಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲಿನ ಅಂಚಿಗಿಂತ ಕೆಳಗೆ ಇಳಿಸಬಾರದು, ಸಮನೆಲದಲ್ಲೇ ಮಾಡಬೇಕು. ಬೇರೆ ರೀತಿಯ ನಿಧಾನದ ಭಾರದ ವ್ಯಾಯಾಮವೂ ಅಷ್ಟೇ ಫಲ ಕೊಡುತ್ತದೆ. ಆದರೆ ಮೂಲದ ಮಾತು ಬದಲಾಗಿಲ್ಲ: ಟೆಂಡನ್ನಿಗೆ ಔಷಧಿ ಭಾರವೇ, ಅಳತೆಯ ಭಾರ. ಇದಕ್ಕೆ ಬೇಕಾದದ್ದು ಮನೆಯ ಜಗುಲಿಯ ಮೆಟ್ಟಿಲು ಮಾತ್ರ.

ಅಳತೆಯನ್ನು ಗೊತ್ತುಮಾಡುವವರು ಯಾರು? ಇದಕ್ಕೂ ಉತ್ತರ ಸ್ವೀಡನ್ನಿನಿಂದಲೇ ಬಂತು. ಕಾರಿನ್ ಸಿಲ್ಬರ್‌ನಾಗೆಲ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 38 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಎರಡೂ ಗುಂಪಿಗೆ ವ್ಯಾಯಾಮ ಒಂದೇ. ಒಂದು ಗುಂಪು ಮೊದಲ ಆರು ವಾರ ಓಟ, ನೆಗೆತ ಬಿಟ್ಟಿತು. ಇನ್ನೊಂದು ಗುಂಪಿಗೆ ನೋವಿನ ಮೇಲೆ ಕಣ್ಣಿಟ್ಟುಕೊಂಡು ಓಡಲು ಅನುಮತಿಯಿತ್ತು. ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ನೋವು ಐದನ್ನು ದಾಟಬಾರದು. ಮಾರನೆಯ ಬೆಳಿಗ್ಗೆ ಹೊತ್ತಿಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ನೋವು, ಬಿಗಿತ ಏರುತ್ತಾ ಹೋಗಬಾರದು. ಇಷ್ಟೇ ನಿಯಮ. ಕೊನೆಗೆ ನೋಡಿದರೆ ಎರಡು ಗುಂಪೂ ಒಂದೇ ಥರ ಚೇತರಿಸಿಕೊಂಡಿದ್ದವು. ಓಡಿದ್ದರಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಈ ನಿಯಮದಲ್ಲಿ ನನಗೆ ಬಹಳ ಮೆಚ್ಚಿಗೆಯಾಗಿರುವುದು ಮಾರನೆಯ ಬೆಳಗಿಗೆ ಕೊಟ್ಟಿರುವ ಅಧಿಕಾರ. ಟೆಂಡನ್ ಓಡುವ ಹೊತ್ತಿನಲ್ಲಿ ಸುಳ್ಳು ಹೇಳುತ್ತದೆ. ಓಡುವಾಗ ಮೈ ಬಿಸಿಯಾಗಿ ನೋವು ಮರೆಯಾಗುತ್ತದೆ, ಹುಡುಗನಿಗೆ ಗೆದ್ದೆನೆನಿಸುತ್ತದೆ, ಇನ್ನೆರಡು ಸುತ್ತು ಹಾಕುತ್ತಾನೆ. ನಿಜ ಗೊತ್ತಾಗುವುದು ಮಲಗಿ ಎದ್ದ ಮೇಲೆ, ನೆಲಕ್ಕೂರುವ ಮೊದಲ ಹೆಜ್ಜೆಯಲ್ಲಿ. ಇದಕ್ಕೊಂದು ಶರೀರಶಾಸ್ತ್ರದ ಕಾರಣವಿದೆ. ಓಡಿದ ನಂತರದ ಮೊದಲ ಇಪ್ಪತ್ತನಾಲ್ಕರಿಂದ ಮೂವತ್ತಾರು ಗಂಟೆ ಟೆಂಡನ್ನಿನ ಕೊಲಾಜನ್ ಎಳೆಗಳು ಕಟ್ಟಿಕೊಳ್ಳುವುದಕ್ಕಿಂತ ಕಳಚಿಕೊಳ್ಳುವುದೇ ಹೆಚ್ಚು. ಅದಾದ ಮೇಲಷ್ಟೇ ಕಟ್ಟುವ ಕೆಲಸ ಮೇಲುಗೈಯಾಗುತ್ತದೆ. ದಿನಾ ಓಡುವವನು ಕಟ್ಟುವ ಹೊತ್ತು ಬರುವ ಮೊದಲೇ ಮತ್ತೆ ಕಳಚುತ್ತಿರುತ್ತಾನೆ. ದಿನ ಬಿಟ್ಟು ದಿನ ಓಡಿ ಎಂದು ಫಿಸಿಯೋಥೆರಪಿಸ್ಟ್ ಹೇಳುವುದು ಇದಕ್ಕೇ, ಸೋಮಾರಿತನ ಕಲಿಸುವುದಕ್ಕಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯನ್ನು 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೊರಗೆಡವಿದರು. 1955ರಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಏರಿತ್ತು. ಅದು ಗಿಡಮರಗಳಿಗೆ, ಆಹಾರಕ್ಕೆ, ಮನುಷ್ಯರ ಮೈಗೂ ಸೇರಿತು. ದೇಹದ ಯಾವ ಭಾಗ ಯಾವ ವರ್ಷ ಕಟ್ಟಲ್ಪಟ್ಟಿತು ಎಂಬುದನ್ನು ಈ ಗುರುತಿನಿಂದ ಲೆಕ್ಕ ಹಾಕಬಹುದು. ಹಾಗೆ ಲೆಕ್ಕ ಹಾಕಿದಾಗ ಕಂಡದ್ದು: ಅಕಿಲಿಸ್ ಟೆಂಡನ್ನಿನ ತಿರುಳು ಮನುಷ್ಯನ ಮೊದಲ ಹದಿನೇಳು ವರ್ಷಗಳಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಅದು ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಪಿಯುಸಿ ಓದುವಾಗ ಇದ್ದ ಹುರಿಯನ್ನೇ ಅರವತ್ತರಲ್ಲೂ ಹೊತ್ತು ನಡೆಯುತ್ತಿರುತ್ತೇವೆ.

ಆದ್ದರಿಂದ ಕೆಟ್ಟ ತಿರುಳು ಹಳೆಯ ಸ್ಥಿತಿಗೆ ಮರಳಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಅದು ಅಲ್ಲೇ ಇರುತ್ತದೆ. ಸುತ್ತಲೂ ಗಟ್ಟಿಯಾದ ಎಳೆಗಳು ಹೆಚ್ಚುತ್ತವೆ, ಟೆಂಡನ್ ತುಸು ದಪ್ಪವಾಗುತ್ತದೆ, ಕೈಗೆ ಗಂಟಿನಂತೆ ಸಿಗುತ್ತದೆ. ಸ್ಕ್ಯಾನ್ ಮಾಡಿಸಿದರೆ ಮಸುಕು ಕಲೆ ಹಾಗೇ ಕಾಣಬಹುದು, ಕಾಲು ಮಾತ್ರ ಚೆನ್ನಾಗಿ ಓಡುತ್ತಿರಬಹುದು. ಮೊಳಕಾಲ್ಮುರಿನ ರೇಷ್ಮೆ ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ನೇಕಾರ ಇಡೀ ಹಾಸನ್ನು ಕಿತ್ತೆಸೆಯುವುದಿಲ್ಲ. ಎಳೆ ಕೂಡಿಸಿ, ಕೆಲವು ಹೊಡೆತ ಮೆಲ್ಲಗೆ ಹಾಕಿ, ಬಿಗಿ ನೋಡಿಕೊಂಡು ಮತ್ತೆ ಲಯಕ್ಕೆ ಬರುತ್ತಾನೆ. ಕೂಡಿಸಿದ ಜಾಗ ಅವನಿಗೆ ಗೊತ್ತಿರುತ್ತದೆ, ಸೀರೆ ಉಟ್ಟವರಿಗೆ ಗೊತ್ತಾಗುವುದಿಲ್ಲ.

ಗಾಯವಾಗಿ ಮರಳುವುದು ಎಂದರೆ ಗಾಯಕ್ಕೆ ಮುಂಚಿನ ಕಾಲನ್ನು ವಾಪಸು ಪಡೆಯುವುದು ಎಂದು ನಾವೆಲ್ಲ ತಿಳಿದಿರುತ್ತೇವೆ. ಅಂಥ ವಾಪಸಾತಿ ಟೆಂಡನ್ನಿಗೆ ಇಲ್ಲ. ಇರುವ ಕಾಲಿನಲ್ಲಿ ಓಡುವುದನ್ನು ಕಲಿಯುವುದಷ್ಟೇ ಇದೆ. ಇದನ್ನು ಒಪ್ಪಿಕೊಂಡವರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿಯನ್ನು ನೋಡಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಅವರು ಬಂದದ್ದೇ ಅಕಿಲಿಸ್ ನೋವಿನೊಂದಿಗೆ. ಹತ್ತು ಸಾವಿರ ಮೀಟರಿನ ಓಟದಲ್ಲಿ ಕೀನ್ಯಾದ ಪಾಲ್ ಟೆರ್ಗಟ್‌ರನ್ನು ಹಿಂದೆ ಹಾಕಿದ್ದು 0.09 ಸೆಕೆಂಡಿನಿಂದ. ಆಮೇಲೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಓಟದಲ್ಲಿ ಸಿಕ್ಕಿದ್ದು ಕಂಚು. ಟ್ರ್ಯಾಕಿನ ದೊರೆ ಮುಗಿದ ಎಂದವರಿದ್ದರು. ಅವರು ರಸ್ತೆಗಿಳಿದರು. 2007ರಲ್ಲಿ ಬರ್ಲಿನ್ ಮ್ಯಾರಥಾನಿನಲ್ಲಿ ವಿಶ್ವದಾಖಲೆ. 2008ರಲ್ಲಿ ಅಲ್ಲೇ ತಮ್ಮ ದಾಖಲೆಯನ್ನೇ ಮುರಿದು 2 ಗಂಟೆ 3 ನಿಮಿಷ 59 ಸೆಕೆಂಡು. ಆಗ ಅವರ ವಯಸ್ಸು ಮೂವತ್ತೈದು.

ನಮ್ಮವರೇ ಆದ ಕೆ.ಎಲ್. ರಾಹುಲ್ ಕಥೆ ಇನ್ನೂ ಹತ್ತಿರದ್ದು. 2023ರ ಮೇ 1ರಂದು ಲಖನೌದ ಐಪಿಎಲ್ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವಾಗ ಬಲತೊಡೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆ ಬೇಕಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ತಯಾರಿ ನಡೆಯಿತು. ಏಷ್ಯಾ ಕಪ್ ತಂಡಕ್ಕೆ ಹೆಸರು ಬಂದ ಮೇಲೂ ಹೊಸದೊಂದು ಸಣ್ಣ ನೋವಿನಿಂದ ಮೊದಲ ಎರಡು ಪಂದ್ಯಕ್ಕೆ ಹೊರಗೇ ಉಳಿದರು. ಸೆಪ್ಟೆಂಬರ್ 11ರಂದು ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಅಜೇಯ 111 ಎಲ್ಲರಿಗೂ ನೆನಪಿದೆ. ಆ ಹೊರಗುಳಿದ ಎರಡು ಪಂದ್ಯ ಯಾರಿಗೂ ನೆನಪಿಲ್ಲ. ನನ್ನ ಮಟ್ಟಿಗೆ ಮರಳುವಿಕೆಯ ಕಲೆಯಿರುವುದು ಆ ಎರಡು ಪಂದ್ಯದಲ್ಲಿ.

ಆದರೆ ರಾಹುಲ್‌ಗೆ ಫಿಸಿಯೋ ಇದ್ದರು, ಕಾಯುವ ಮಂಡಳಿಯಿತ್ತು. ಚಳ್ಳಕೆರೆಯ ಹುಡುಗನಿಗೆ ಇರುವುದು ದೈಹಿಕ ಪರೀಕ್ಷೆಯ ದಿನಾಂಕ ಮತ್ತು ಮುಗಿಯುತ್ತಾ ಬಂದ ವಯೋಮಿತಿ. ಟೆಂಡನ್ ಮೂರು ತಿಂಗಳು ಕೇಳುತ್ತದೆ, ಪ್ರವೇಶಪತ್ರ ಮೂರು ವಾರವನ್ನೂ ಕೊಡುವುದಿಲ್ಲ. ಈ ಇಕ್ಕಟ್ಟಿನಲ್ಲಿ ಇರುವವನಿಗೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ಅವನು ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ನುಂಗಿ ಓಡುತ್ತಾನೆ. ಯಾರೋ ಹೇಳಿದರೆಂದು ಹಿಮ್ಮಡಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಿಸಲೂ ಸಿದ್ಧನಿರುತ್ತಾನೆ. ಆ ಇಂಜೆಕ್ಷನ್ ನೋವನ್ನು ಅಡಗಿಸಿದರೂ ಟೆಂಡನ್ ಹರಿಯುವ ಅಪಾಯವನ್ನು ತರುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು. ಹೊಟ್ಟೆ ಕೆಟ್ಟಾಗ ಚೀಟಿಯಿಲ್ಲದೆ ಕೊಂಡು ನುಂಗುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳೂ ಟೆಂಡನ್ನಿಗೆ ಕೇಡು ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಪೊಟ್ಟಣದ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಓಡುವ ಮಕ್ಕಳಿರುವ ಮನೆಯವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಓಡುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಪಟ್ಟೆಂದು ಸದ್ದಾಗಿ, ಆಮೇಲೆ ಮುಂಗಾಲ ಮೇಲೆ ನಿಲ್ಲಲಾಗದೆ ಹೋದರೆ ಅದು ಹರಿದ ಟೆಂಡನ್. ಆಗ ಮನೆಮದ್ದು ಬೇಡ, ಅದೇ ದಿನ ಆಸ್ಪತ್ರೆ.

ನೋವು ಬರುವುದು ಹೆಚ್ಚು ಓಡಿದ್ದರಿಂದ ಎನ್ನುವುದಕ್ಕಿಂತ ಹಠಾತ್ತನೆ ಓಡಿದ್ದರಿಂದ ಎನ್ನಬೇಕು. ಇಲ್ಲಿನ ಕಾವಲುಗಳಲ್ಲಿ ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ನೋಡಿ. ಹುಲ್ಲು ನೀರು ಹುಡುಕಿ ವರ್ಷವಿಡೀ ನಡೆಯುತ್ತಾರೆ. ಅವರ ಕಾಲಿಗೆ ಬೀಳುವ ಭಾರ ಕಡಿಮೆಯೇನಲ್ಲ, ಆದರೆ ಇವತ್ತಿನದಕ್ಕೂ ನಿನ್ನೆಯದಕ್ಕೂ ಬಹಳ ಅಂತರವಿರುವುದಿಲ್ಲ. ನಮ್ಮ ಹುಡುಗ ಆರು ತಿಂಗಳು ಕೋಚಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತು, ಅಧಿಸೂಚನೆ ಬಂದ ಮಾರನೆ ದಿನ ಐದು ಕಿಲೋಮೀಟರ್ ಓಡುತ್ತಾನೆ. ಅದರ ಜೊತೆಗೆ ಶೂ ಬಿಟ್ಟು ಬರಿಗಾಲಿಗೆ ಬರುತ್ತಾನೆ, ಇಲ್ಲವೇ ಉಸಿರು ಹೆಚ್ಚಲೆಂದು ಬೆಟ್ಟ ಹತ್ತುತ್ತಾನೆ. ಏರು ಹತ್ತುವಾಗ, ಮುಂಗಾಲೂರಿ ಬರಿಗಾಲಲ್ಲಿ ಓಡುವಾಗ ಹಿಮ್ಮಡಿಯ ಹುರಿಗೆ ಎಳೆತ ಜಾಸ್ತಿ. ಮರಳುವ ಕಾಲಿಗೆ ಬೇಕಾದದ್ದು ಕಾವಲಿನ ಸಮತಟ್ಟಾದ ಗಟ್ಟಿ ಮಣ್ಣು. ಜಟಿಂಗ ರಾಮೇಶ್ವರ ಬೆಟ್ಟದ ಏರು ಕೊನೆಗಿರಲಿ.

ಕ್ರಮ ಸರಳವಾದದ್ದು. ಒಂಟಿಕಾಲಲ್ಲಿ ನಿಂತು ಹಿಮ್ಮಡಿಯನ್ನು ಇಪ್ಪತ್ತು ಇಪ್ಪತ್ತೈದು ಬಾರಿ ಎತ್ತಿ ಇಳಿಸಲು ಆಗುತ್ತದೆಯೇ, ಎರಡು ಕಾಲಿಗೂ ಲೆಕ್ಕ ಸಮನಾಗಿ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅರ್ಧ ಗಂಟೆ ಬಿರುಸಾಗಿ ನಡೆದರೂ ಮರುದಿನ ಬಿಗಿತ ಹೆಚ್ಚಬಾರದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೊದಲು ಓಟದ ಹೊತ್ತು ಹೆಚ್ಚಲಿ, ವೇಗ ಆಮೇಲೆ. ಹಿಮ್ಮಡಿಯ ವ್ಯಾಯಾಮವನ್ನು ಓಟ ಶುರುವಾಯಿತೆಂದು ಬಿಡುವುದು ಬೇಡ. ನೋವು ಹೋದವರು ಮಾಡುವ ಮೊದಲ ಕೆಲಸ ಅದು, ನೋವು ಮರಳುವುದಕ್ಕೆ ದಾರಿಯೂ ಅದೇ.

ಬಿಡದೆ ಮಾಡಬೇಕೆಂಬ ಮಾತು ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಓದಿದರೆ ಆಶ್ಚರ್ಯವಾಗುತ್ತದೆ. ಬ್ರಹ್ಮಗಿರಿಯ ಶಾಸನ ಶುರುವಾಗುವುದೇ ಆರೋಗ್ಯ ವಿಚಾರಣೆಯಿಂದ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರ ಕ್ಷೇಮ ಕೇಳುತ್ತಾರೆ. ಮುಂದೆ ಚಕ್ರವರ್ತಿಯ ಮಾತು ಬರುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇ ಮಾಡಲಿಲ್ಲ, ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಬಿಡದೆ ಶ್ರಮಿಸಿದೆ ಎನ್ನುತ್ತಾನೆ. ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಶ್ರಮಿಸಿದರೆ ಪಡೆಯಬಹುದು ಎನ್ನುತ್ತಾನೆ. ಅವನು ಹೇಳುತ್ತಿದ್ದುದು ಧರ್ಮದ ವಿಷಯ, ಕಾಲಿನದಲ್ಲ. ಆದರೂ ಎರಡು ಸಾವಿರದ ಇನ್ನೂರು ವರ್ಷಗಳಿಂದ ಈ ಸೀಮೆಯ ಬಂಡೆಯ ಮೇಲೆ ಇರುವ ಮಾತು ಪವಾಡದ್ದಲ್ಲ, ವೇಗದ್ದಲ್ಲ. ವರ್ಷಗಟ್ಟಲೆ ಬಿಡದೆ ಮಾಡುವ ಪ್ರಯತ್ನದ್ದು ಎಂಬುದನ್ನು ಗಮನಿಸಬೇಕು.

ಕಟ್ಟೆಯ ಮೇಲೆ ಕೂತ ಹುಡುಗನಿಗೆ ಊರಿನವರು ಎರಡೇ ಮಾತು ಹೇಳುತ್ತಾರೆ. ಒಂದು, "ಬಿಟ್ಬಿಡಪ್ಪ, ನಿನ್ ಕೈಲಾಗಲ್ಲ." ಇನ್ನೊಂದು, "ನೋವು ಗೀವು ಅನ್ಬ್ಯಾಡ, ಹಲ್ಲು ಕಚ್ಚಿ ಓಡ್ಲಾ." ಎರಡೂ ಒಂದೇ ದಿನದಲ್ಲಿ ತೀರ್ಮಾನವಾಗಬೇಕೆನ್ನುವ ಅವಸರದ ಮಾತುಗಳು. ಇವೆರಡರ ನಡುವೆ ಬೇಸರದ, ಯಾರೂ ಚಪ್ಪಾಳೆ ತಟ್ಟದ, ಮೂರು ತಿಂಗಳ ಕೆಲಸವೊಂದಿದೆ. ಅದನ್ನು ಹೇಳಿಕೊಡುವವರು ಬೇಕು. ತಾಲ್ಲೂಕು ಮೈದಾನಗಳಲ್ಲಿ ಹುಡುಗರನ್ನು ಓಡಿಸುವ ತರಬೇತುದಾರರು, ಹೈಸ್ಕೂಲಿನ ಪಿ.ಟಿ. ಮೇಷ್ಟ್ರುಗಳು ಮನಸ್ಸು ಮಾಡಿದರೆ ಅಧಿಸೂಚನೆಗೆ ಕಾಯದೆ, ವರ್ಷದ ಯಾವ ತಿಂಗಳಲ್ಲಾದರೂ ಇದನ್ನು ಶುರು ಮಾಡಿಸಬಹುದು. ದಿನಕ್ಕೆ ಹತ್ತು ನಿಮಿಷ ಸಾಕು, ಖರ್ಚು ಒಂದು ರೂಪಾಯಿಯೂ ಇಲ್ಲ. ತಿರುಳು ಹದಿನೇಳರೊಳಗೆ ಕಟ್ಟಿಕೊಳ್ಳುತ್ತದೆಂದಾದರೆ, ಅದು ಗಟ್ಟಿಯಾಗಬೇಕಾದ ಜಾಗವೂ ಹೈಸ್ಕೂಲಿನ ಮೈದಾನವೇ. ಈಗಾಗಲೇ ನೋವು ತಂದುಕೊಂಡ ಹುಡುಗನಿಗೆ ನಾವು ಕೊಡಬಹುದಾದದ್ದು ಇಷ್ಟು: ಈ ಸಲದ ನೇಮಕಾತಿ ತಪ್ಪಿದರೂ ಅವನ ಓಟ ಮುಗಿಯಲಿಲ್ಲ ಎಂಬ ಭರವಸೆ, ಮತ್ತು ಮೆಲ್ಲಗೆ ಓಡುವವನನ್ನು ಕಂಡು ನಗದಿರುವ ಒಂದು ಊರು.